ಟವೆಲ್ ಹಾಕಿದ ಸೀಟು

ಕಳೆದ ವಾರ ಶಿವಮೊಗ್ಗದ ಗಾಂಧಿ ಬಜಾರಿನ ಗ್ರಂಥಿಗೆ ಅಂಗಡಿಯಲ್ಲಿ ಅರಿಸಿನದ ಕೊಂಬು ತೂಗಿಸುತ್ತಾ ನಿಂತಿದ್ದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಸೊಂಟದಿಂದ ಪುಟ್ಟ ಡಬ್ಬಿ ತೆಗೆದು ಒಂದು ಚಿಟಿಕೆ ನಶ್ಯ ಏರಿಸಿದರು. ನನಗೆ ತಡೆಯಲಾರದ ಸೀನು ಬಂತು. ಜೊತೆಗಿದ್ದ ನನ್ನ ಮಗಳು ಪಲ್ಲವಿ ಮಾತ್ರ ಸೀನಲಿಲ್ಲ. ಕಣ್ಣು ಮುಚ್ಚಿ, ಮೂಗು ಅರಳಿಸಿ, ನಿಧಾನವಾಗಿ "ಬಸ್ಸು" ಎಂದಳು. ನಶ್ಯಕ್ಕೂ ಬಸ್ಸಿಗೂ ಎಲ್ಲಿಯ ಸಂಬಂಧ ಎಂದು ಅಂಗಡಿಯವನು ನನ್ನ ಮುಖ ನೋಡಿದ. ಹೇಳುತ್ತಾ ನಿಂತರೆ ಅವನ ವ್ಯಾಪಾರ ಕೆಡುತ್ತಿತ್ತು. ಅದನ್ನು ಇಲ್ಲಿ ಹೇಳುತ್ತೇನೆ.

ಪಲ್ಲವಿಗೆ ಈಗ ಹದಿನಾರು. ಆಟಿಸಂ ಇರುವ ಹುಡುಗಿ. ಹಾಗೆಂದ ಕೂಡಲೇ ಕೆಲವರು ಅಯ್ಯೋ ಪಾಪ ಎನ್ನುತ್ತಾರೆ, ಇನ್ನು ಕೆಲವರು ಅಂಥ ಮಕ್ಕಳಲ್ಲಿ ಏನೋ ಒಂದು ದೈವದತ್ತ ಪ್ರತಿಭೆ ಇರುತ್ತದಂತೆ ಎನ್ನುತ್ತಾರೆ. ಎರಡಕ್ಕೂ ತಲೆಯಾಡಿಸುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಅವಳು ಮಾತು ಕಡಿಮೆ ಆಡುತ್ತಾಳೆ, ಚಪಾತಿಯನ್ನು ನನಗಿಂತ ದುಂಡಗೆ ಲಟ್ಟಿಸುತ್ತಾಳೆ, ಮಿಕ್ಸಿ ತಿರುಗಿಸಿದರೆ ಎದ್ದು ಹಿತ್ತಲಿಗೆ ಹೋಗುತ್ತಾಳೆ. ನಾನು ಹೇಳಹೊರಟಿರುವುದು ಅವಳಿಗೆ ಏಳು ತುಂಬಿ ಎಂಟು ನಡೆಯುತ್ತಿದ್ದ ವರ್ಷದ ಮಾತು. ಗಣಪತಿ ಹಬ್ಬ ಮುಗಿದಲ್ಲಿಂದ ಜೂನ್ ಮಳೆಯವರೆಗಿನ ಮಾತು.

ನಾವು ಭದ್ರಾವತಿಯವರು. ನಾನು ಅಲ್ಲಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ನಮ್ಮವರು ಆಟೋ ಓಡಿಸುತ್ತಾರೆ. ಮನೆ ಬಾಗಿಲಲ್ಲೇ ಆಟೋ ನಿಂತಿದ್ದರೂ ಮಗಳಿಗೆ ಅದರ ಪಟಪಟ ಸದ್ದು ಆಗದು. ಸ್ಟಾರ್ಟ್ ಮಾಡಿದರೆ ಕಿವಿ ಮುಚ್ಚಿಕೊಂಡು ಮಂಚದಡಿ ಸೇರುತ್ತಿದ್ದಳು. ಬಸ್ಸಿನ ಗುಡುಗುಡು ಮಾತ್ರ ಹೇಗೋ ಹಿಡಿಸಿತ್ತು. ಊರಿಗೆಲ್ಲ ಆಟೋ ಓಡಿಸುವವನ ಮಗಳಿಗೆ ಬಸ್ಸೇ ಗತಿ ಎಂದು ನಮ್ಮವರು ತಮಾಷೆ ಮಾಡುತ್ತಿದ್ದರು. ಹಾಗೆ ಅನ್ನುವಾಗ ಅವರಿಗೆ ನೋವಾಗುತ್ತಿತ್ತೆಂದು ನನಗೆ ಗೊತ್ತು.

ಆ ವರ್ಷ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಶುಭಾ ಮೇಡಂ ಎನ್ನುವವರು ಇಂಥ ಮಕ್ಕಳಿಗೆ ಕಲಿಸುತ್ತಾರೆಂದು ಗೊತ್ತಾಯಿತು. ನನಗಿಂತ ಹತ್ತು ವರ್ಷ ಚಿಕ್ಕವರು, ದನಿ ಏರಿಸುವುದೇ ಗೊತ್ತಿಲ್ಲದವರು. ವಾರಕ್ಕೆ ಮೂರು ಮಧ್ಯಾಹ್ನ ಬರಬೇಕೆಂದರು. ನಾನು ನಮ್ಮ ಶಾಲೆಯಲ್ಲಿ ಕೊನೆಯ ಪಿರಿಯಡ್ಡುಗಳನ್ನು ಬೆಳಗಿಗೆ ಬದಲಾಯಿಸಿಕೊಂಡೆ. ಊಟದ ಡಬ್ಬಿ ಮುಚ್ಚಿದವಳೇ ಮಗಳ ಕೈ ಹಿಡಿದು ಬಸ್‌ಸ್ಟ್ಯಾಂಡಿಗೆ ಓಡುವುದು ಅಭ್ಯಾಸವಾಯಿತು.

ನಮ್ಮ ಬಸ್‌ಸ್ಟ್ಯಾಂಡುಗಳ ಕಾನೂನು ಎಲ್ಲರಿಗೂ ಗೊತ್ತು. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ಲೋ ಕರ್ಚೀಫೋ ಎಸೆದರೆ ಆ ಸೀಟು ಎಸೆದವರದು. ಕೋರ್ಟಿನ ತೀರ್ಪಿಗೆ ಮೇಲ್ಮನವಿ ಉಂಟು, ಟವೆಲ್ಲಿಗೆ ಇಲ್ಲ. ಈ ಕಾನೂನನ್ನು ಪೆರುಮಾಳಣ್ಣನಷ್ಟು ಚೆನ್ನಾಗಿ ಬಳಸಿದವರನ್ನು ನಾನು ನೋಡಿಲ್ಲ. ಅವರು ಕಾರ್ಖಾನೆಯಿಂದ ನಿವೃತ್ತರಾದವರು. ಮನೆಯಲ್ಲಿ ತಮಿಳು, ಬಸ್ಸಿನಲ್ಲಿ ಕನ್ನಡ. ಮಧ್ಯಾಹ್ನ ಹೊರಟು ಶಿವಮೊಗ್ಗದಲ್ಲಿ ತಮ್ಮನ ಪಾತ್ರೆ ಅಂಗಡಿಯಲ್ಲಿ ಕತ್ತಲಾಗುವ ತನಕ ಕೂತು ಬರುವುದು ಅವರ ದಿನಚರಿ. ಹೆಗಲ ಮೇಲೆ ಕೆಂಪಂಚಿನ ಒರಟು ಟವೆಲ್, ಸೊಂಟದಲ್ಲಿ ನಶ್ಯದ ಡಬ್ಬಿ. ಟವೆಲ್ಲಿನ ತುದಿಗೆ ಒಂದು ಗಂಟು ಹಾಕಿ ಬೀಸಿದರೆ ಅದು ಎಲ್ಲಿ ಬೀಳಬೇಕೋ ಅಲ್ಲೇ ಬೀಳುತ್ತಿತ್ತು.

ಮೊದಲ ದಿನ ಪಲ್ಲವಿ ಹತ್ತಿ ಕೂತದ್ದು ಡ್ರೈವರ್ ಹಿಂದಿನ ಕಿಟಕಿ ಸೀಟಿನಲ್ಲಿ. ಮುಂದಿನ ಸಲ ಅಲ್ಲಿ ಬೇರೆ ಯಾರೋ ಕೂತಿದ್ದರು. ಅವಳು ಬಸ್ಸಿನ ನಡುವೆ ನೆಲಕ್ಕೆ ಬಿದ್ದು ಕೂಗಿದಳು. ನಾನು ಎತ್ತಲು ಹೋದರೆ ಕೈ ಕಚ್ಚಿದಳು. ಅದನ್ನು ಪೆರುಮಾಳಣ್ಣ ನೋಡಿದ್ದರು. ಆಮೇಲಿನ ಸಲ ನಾವು ಬಸ್‌ಸ್ಟ್ಯಾಂಡ್ ತಲುಪುವಷ್ಟರಲ್ಲಿ ಆ ಸೀಟಿನ ಮೇಲೆ ಅವರ ಟವೆಲ್ ಹಾಸಿತ್ತು. "ಬಾ ಪಾಪಾ, ನಿನ್ನ ಸೀಟು" ಎಂದರು. ಪಲ್ಲವಿ ಟವೆಲ್ಲಿನ ಮೇಲೆ ಕೂತಳು, ಶಿವಮೊಗ್ಗದವರೆಗೆ ಉಸಿರೆತ್ತಲಿಲ್ಲ. ಅಂದಿನಿಂದ ಅದು ಅವಳ ಸೀಟು. ಸಂಜೆ ಮರಳುವಾಗ ಮಾತ್ರ ಸುಸ್ತಾಗಿ ನನ್ನ ಮಡಿಲಲ್ಲಿ ನಿದ್ದೆ ಹೋಗುತ್ತಿದ್ದಳು, ಸೀಟಿನ ಗೊಡವೆ ಇರಲಿಲ್ಲ. ಕಂಡಕ್ಟರ್ ರಫೀಕ್, ಶಿವಮೊಗ್ಗದ ನರ್ಸಿಂಗ್ ಹೋಮ್ ಒಂದರಲ್ಲಿ ಎರಡನೇ ಪಾಳಿಯ ಆಯಾ ಆಗಿದ್ದ ಗಿರಿಜಮ್ಮ, ಎಲ್ಲರೂ ಆ ಸೀಟಿಗೆ ಕಾವಲು. ಬೇರೆ ಊರಿನವರು ಯಾರಾದರೂ ಕೂರಲು ಹೋದರೆ ನಾಲ್ಕು ಕಡೆಯಿಂದ ದನಿ ಏಳುತ್ತಿತ್ತು. ಇಡೀ ಬಸ್ಸನ್ನು ಮಗಳ ಪರ ಮಾಡಿಕೊಂಡೆ ಎಂದು ನಾನು ಬೀಗಿದ್ದೆ.

ಹೊಸ ವರ್ಷದ ಶುರುವಿನಲ್ಲಿ ಶುಭಾ ಮೇಡಂ ಒಂದು ಸುದ್ದಿ ಕೊಟ್ಟರು. ಶಿವಮೊಗ್ಗದ ವಿದ್ಯಾನಗರದ ಒಂದು ಶಾಲೆಯ ಮುಖ್ಯ ಶಿಕ್ಷಕಿ ಪಲ್ಲವಿಯನ್ನು ನೋಡಿ ಹೋಗಿದ್ದರು. ಅಲ್ಲಿ ಇಂಥ ಮಕ್ಕಳಿಗೆ ಕಲಿಸಿ ಗೊತ್ತಿರುವ ಟೀಚರ್ ಒಬ್ಬರಿದ್ದರು. ಜೂನ್‌ನಲ್ಲಿ ಸೇರಿಸಿಕೊಳ್ಳುತ್ತೇವೆ ಎಂದಿದ್ದರು. ನನಗೆ ಕಿವಿಯನ್ನು ನಂಬಲಾಗಲಿಲ್ಲ. ಅಲ್ಲಿಯವರೆಗೆ ನಾವು ಕೇಳಿದ ಕಡೆಯಲ್ಲೆಲ್ಲ ಮುಂದಿನ ವರ್ಷ ನೋಡೋಣ ಎಂಬ ಒಂದೇ ಉತ್ತರ ಸಿಕ್ಕಿತ್ತು. ನಮ್ಮದೇ ಶಾಲೆಯ ಸ್ಟಾಫ್ ರೂಮಿನಲ್ಲಿ ಕೂತು ಬೇರೆಯವರ ಮಕ್ಕಳ ನೋಟ್ಸ್ ತಿದ್ದುವಾಗ ಎಷ್ಟೋ ಸಲ ನನಗೆ ಕಣ್ಣು ಮಂಜಾಗಿದೆ.

"ಬೆಳಿಗ್ಗೆ ಯಾವ ಬಸ್ಸಿಗೆ ಬರ್ತೀರಿ?" ಎಂದರು ಶುಭಾ ಮೇಡಂ.

ಆಗ ಹೊಳೆಯಿತು. ಶಾಲೆಯ ಹೊತ್ತಿಗೆ ಸರಿಹೋಗುವ ಬಸ್ಸು ತರೀಕೆರೆ ಕಡೆಯಿಂದ ತುಂಬಿಕೊಂಡೇ ಬರುತ್ತದೆ. ಅದು ಭದ್ರಾವತಿಯಲ್ಲಿ ನಿಂತಾಗ ಇಳಿಯುವವರಿಗಿಂತ ಹತ್ತುವವರು ಹೆಚ್ಚು. ಸೀಟಿನ ಮಾತು ಹಾಗಿರಲಿ, ಎರಡೂ ಕಾಲು ಊರಲು ಜಾಗ ಸಿಕ್ಕರೆ ಪುಣ್ಯ. ಅಲ್ಲಿ ಪೆರುಮಾಳಣ್ಣನೂ ಇಲ್ಲ, ಟವೆಲ್ಲೂ ಇಲ್ಲ. ಒಂದು ದಿನದ ಮಾತಲ್ಲ, ದಿನವೂ ಹೋಗಬೇಕು. ಆ ಸೀಟು ಇಲ್ಲದೆ ಪಲ್ಲವಿ ಬಸ್ಸಿನಲ್ಲಿ ಬರಲಾರಳು ಎಂದಾದರೆ ಶಾಲೆಯೂ ಇಲ್ಲ. ಹೇಗೋ ಆಗುತ್ತೆ ಬಿಡಿ ಎಂದೆ. ಸಿಟ್ಟು ಬಂದಿತ್ತು, ಯಾರ ಮೇಲೆಂದು ಗೊತ್ತಿರಲಿಲ್ಲ.

ಹೇಗೆ ಆಗುತ್ತದೆಂದು ಫೆಬ್ರವರಿಯಲ್ಲಿ ಗೊತ್ತಾಯಿತು. ಪೆರುಮಾಳಣ್ಣ ಅಕ್ಕನ ಮಗಳ ಮದುವೆಗೆಂದು ಧರ್ಮಪುರಿಗೆ ಹೋಗಿದ್ದರು. ನಾವು ಹತ್ತಿದಾಗ ಡ್ರೈವರ್ ಹಿಂದಿನ ಸೀಟಿನಲ್ಲಿ, ಕಾವಲಿನವರು ಯಾರೂ ನೋಡುವ ಮೊದಲೇ, ಹೊಸದಾಗಿ ಮದುವೆಯಾದ ಜೋಡಿ ಕೂತುಬಿಟ್ಟಿತ್ತು. ಕಿಟಕಿಗೆ ಹುಡುಗಿ. ಪಲ್ಲವಿ ಅವರ ಮುಂದೆ ನಿಂತು ಕಿರುಚಿದಳು. ಕಂಬಿಗೆ ಹಣೆ ಚಚ್ಚಿಕೊಂಡಳು. ನಾನು ಕೈ ಅಡ್ಡ ಇಟ್ಟೆ, ನನ್ನ ಕೈಗೆ ಚಚ್ಚಿಕೊಂಡಳು. ಆ ಹುಡುಗಿ ಹೆದರಿ ಎದ್ದು ನಿಂತಿತು. ಹಿಂದಿನಿಂದ ಗಿರಿಜಮ್ಮ, "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತಾ ಟೀಚರ್? ಎರಡು ಕೊಡಿ, ಸರಿಹೋಗ್ತಾಳೆ" ಎಂದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. "ನೀವೇ ಬಂದು ಕೊಡಿ ಗಿರಿಜಮ್ಮ. ಆಮೇಲೆ ನಾನು ನಿಮಗೆ ಎರಡು ಕೊಡ್ತೀನಿ" ಎಂದೆ. ಪಲ್ಲವಿಗೆ ಸೀಟು ಸಿಕ್ಕಿತು. ಆದರೂ ದಾರಿಯುದ್ದಕ್ಕೂ ಸಣ್ಣಗೆ ಮುಲುಗುತ್ತಲೇ ಇದ್ದಳು.

ನಾನು ಹೋಗಿ ಶುಭಾ ಮೇಡಂ ಎದುರು ಕುರ್ಚಿಯಲ್ಲಿ ಕುಸಿದೆ. ಇನ್ನು ಆಗಲ್ಲ, ಶಾಲೆಗೆ ಹೇಳಿಬಿಡಿ ಎಂದೆ. ಅವರು ನೀರು ಕೊಟ್ಟು, ನಡೆದದ್ದನ್ನೆಲ್ಲ ಮೊದಲಿಂದ ಹೇಳಿಸಿದರು. ಹೇಳಿ ಮುಗಿಸಿದ ಮೇಲೆ ಒಂದೇ ಒಂದು ಪ್ರಶ್ನೆ ಕೇಳಿದರು. ಸೀಟು ಸಿಕ್ಕ ಮೇಲೆ ಸುಮ್ಮನಾದಳಾ?

ಇಲ್ಲ ಎಂದೆ.

"ಹಾಗಾದ್ರೆ ಅವಳಿಗೆ ಬೇಕಾಗಿರೋದು ಸೀಟಲ್ಲ ಮೇಡಂ. ಏನು ಅಂತ ಹುಡುಕೋಣ. ಕಿರುಚಿದ್ದನ್ನ ಹಟ ಅಂತ ತಿಳ್ಕೋಬೇಡಿ. ಮಾತು ಬಾರದೇ ಇರೋಳಿಗೆ ಅದೇ ಟವೆಲ್ಲು. ಎಸೀತಾಳೆ, ಜನ ಎದ್ದು ಕೊಡ್ತಾರೆ. ಅದನ್ನ ಅವಳ ಕೈಯಿಂದ ಕಿತ್ಕೊಳ್ಳೋದು ಬೇಡ. ಅದಕ್ಕಿಂತ ಒಳ್ಳೇದೊಂದನ್ನ ಕೈಗೆ ಕೊಡೋಣ."

ಇಪ್ಪತ್ತು ವರ್ಷ ಪಾಠ ಮಾಡಿದವಳು ನಾನು. ತಪ್ಪು ಮಾಡಿದ ಮಗುವನ್ನು ಏಕೆ ಮಾಡಿದೆ ಎಂದು ಕೇಳುವುದು ನಮಗೆ ರೂಢಿ, ಆದರೆ ಅದು ಬೈಗುಳದ ಇನ್ನೊಂದು ರೂಪ. ನಿಜವಾಗಿ ಉತ್ತರ ಬೇಕೆಂದು ಕೇಳಿದವರನ್ನು ನಾನು ಅವತ್ತೇ ಕಂಡದ್ದು.

ಆ ಒಳ್ಳೆಯದೊಂದನ್ನು ಅವರು ಅಂದೇ ಶುರು ಮಾಡಿದರು. ಪಲ್ಲವಿಗೆ ತಳಮಳವಾದಾಗ ಹೆಗಲುಗಳನ್ನು ಎರಡೂ ಕಡೆಯಿಂದ ಗಟ್ಟಿಯಾಗಿ ಒತ್ತಿ ಹಿಡಿದರೆ ಹಾಯೆನಿಸುತ್ತಿತ್ತು. ಅದು ಬೇಕಾದಾಗ ಎದುರಿನವರ ಮಣಿಕಟ್ಟಿನ ಮೇಲೆ ಎರಡು ಸಲ ತಟ್ಟಬೇಕು, ತಟ್ಟಿದರೆ ಆ ಕ್ಷಣವೇ ಸಿಗಬೇಕು. ತಟ್ಟಿದಾಗ ಇರು, ಕೈಯಲ್ಲಿ ಕೆಲಸ ಇದೆ ಎನ್ನುವಂತಿಲ್ಲ ಎಂದು ನನಗೆ ತಾಕೀತು. ಮನೆಯಲ್ಲಿ ಒಗ್ಗರಣೆ ಸೀದುಹೋದರೂ ನಾನು ಓಡಿ ಬಂದು ಒತ್ತುತ್ತಿದ್ದೆ. ನಮ್ಮವರು ಆಟೋ ಗ್ರೀಸಿನ ಕೈಯಲ್ಲೇ ಒತ್ತಿ ಅವಳ ಅಂಗಿಗಳೆಲ್ಲ ಕಪ್ಪಾದವು.

ಇನ್ನು ಹುಡುಕುವ ಕೆಲಸ. ಪೆರುಮಾಳಣ್ಣ ಮದುವೆ ಮುಗಿಸಿ ಬಂದ ಮೇಲೆ ನಾನು ಬಸ್ಸಿನಲ್ಲಿ ಮಗಳನ್ನೇ ನೋಡುತ್ತಾ ಕೂತೆ. ಅಷ್ಟು ದಿನ ಪಕ್ಕದಲ್ಲೇ ಕೂತಿದ್ದರೂ ನೋಡಿರಲಿಲ್ಲ. ಅವಳು ಸುಮ್ಮನಿದ್ದರೆ ಸಾಕೆಂದು ನಾನು ಕಣ್ಣು ಮುಚ್ಚಿಬಿಡುತ್ತಿದ್ದೆ. ಕಿಟಕಿಯ ಆಸೆ ಎಂದುಕೊಂಡಿದ್ದೆನಲ್ಲ, ಅವಳು ಕಿಟಕಿಯಾಚೆ ನೋಡುತ್ತಲೇ ಇರಲಿಲ್ಲ. ಮಾಚೇನಹಳ್ಳಿ ಬಂತು, ಮಲವಗೊಪ್ಪ ಬಂತು, ತಲೆ ಎತ್ತಲಿಲ್ಲ. ಕೂತಿದ್ದ ಟವೆಲ್ಲಿನ ಅಂಚನ್ನು ಬೆರಳಲ್ಲಿ ಉಂಡೆ ಸುತ್ತುವುದು, ಮೂಗಿಗೆ ಹಿಡಿಯುವುದು, ಬಿಡುವುದು. ಮತ್ತೆ ಸುತ್ತುವುದು. ಆ ಒರಟು ನೂಲು, ಆ ನಶ್ಯದ ಘಾಟು. ನಾನು ಬೆಪ್ಪಾದೆ. ಮೊದಲೆರಡು ದಿನ ಸೀಟೇ ಬೇಕಿತ್ತೇನೋ, ಈಗ ನನ್ನ ಮಗಳಿಗೆ ಬೇಕಾಗಿದ್ದದ್ದು ಸೀಟಿನ ಮೇಲೆ ಹಾಸಿದ್ದ ಟವೆಲ್. ಸೀಟು ಹಿಡಿಯಲು ಹಾಕಿದ್ದೇ ಅವಳನ್ನು ಹಿಡಿದಿತ್ತು.

ಶುಭಾ ಮೇಡಂ ಟವೆಲ್ ತರಿಸಿ ತಮ್ಮ ಕೋಣೆಯ ಬೇರೆ ಬೇರೆ ಕುರ್ಚಿಗಳ ಮೇಲೆ ಹಾಸಿ ನೋಡಿದರು. ಎಲ್ಲಿ ಟವೆಲ್ಲೋ ಅಲ್ಲಿ ಪಲ್ಲವಿ. ನಕ್ಕುಬಿಟ್ಟರು. ಅವರು ಹೇಳಿದ ಉಪಾಯ ಸರಳವಾಗಿತ್ತು. ಟವೆಲ್ ಬಸ್ಸಿನಲ್ಲಿ ಸೀಟಿನಿಂದ ಸೀಟಿಗೆ ಸರಿಯಲಿ, ಅದರ ಹಿಂದೆ ಇವಳೂ ಸರಿಯಲಿ. ಕೊನೆಗೆ ಟವೆಲ್ಲೇ ಸಣ್ಣದಾಗಿ ಅವಳ ಜೇಬು ಸೇರಲಿ. ಜೂನ್ ತನಕ ಸಮಯವಿದೆ, ಅವಸರ ಬೇಡ.

ಪೆರುಮಾಳಣ್ಣ ಟವೆಲ್ಲನ್ನು ನನ್ನ ಕೈಗೆ ಕೊಟ್ಟೇಬಿಟ್ಟರು. ನಾನು ಮೇಷ್ಟ್ರ ಮನೆಯಲ್ಲಿ ಹುಟ್ಟಿ ಬೆಳೆದವಳು. ನಶ್ಯ ಮೆತ್ತಿದ ಬಟ್ಟೆಯನ್ನು ಹಾಗೇ ಮಗುವಿನ ಮೂಗಿಗೆ ಕೊಡುವುದುಂಟೇ? ಬಿಸಿನೀರಿನಲ್ಲಿ ನೆನೆಸಿ, ಸೋಪಿನ ಪುಡಿ ಹಾಕಿ, ಕುಕ್ಕಿ ಕುಕ್ಕಿ ಒಗೆದು, ಮಲ್ಲಿಗೆ ಪರಿಮಳದ ದ್ರವದಲ್ಲಿ ಅದ್ದಿ ಒಣಗಿಸಿದೆ. ಮಾರನೆಯ ದಿನ ಪಲ್ಲವಿ ಅದನ್ನು ಒಮ್ಮೆ ಮೂಸಿ ಕಿಟಕಿಯಿಂದ ಆಚೆ ಎಸೆಯಹೋದಳು. ರಫೀಕ್ ಹಿಡಿದುಕೊಂಡ. ವಿಷಯ ತಿಳಿದ ಪೆರುಮಾಳಣ್ಣ ಬಹಳ ಗಂಭೀರವಾಗಿ ಟವೆಲ್ ವಾಪಸ್ ತೆಗೆದುಕೊಂಡು ಒಂದು ವಾರ ಹೆಗಲ ಮೇಲಿಂದ ಇಳಿಸಲಿಲ್ಲ. ನಶ್ಯವನ್ನೂ ಸ್ವಲ್ಪ ಹೆಚ್ಚಾಗಿಯೇ ಏರಿಸಿದರು. ಡಾಕ್ಟರು ಬಿಡಿ ಅಂತಾರೆ, ಪಾಪಾಗೋಸ್ಕರ ಮಾಡ್ತಿದೀನಿ ಎಂದು ಮನೆಯಲ್ಲಿ ಹೇಳಿಕೊಂಡರಂತೆ.

ಮಗಳಿಗೆ ಕಲಿಸುವುದು ಅಷ್ಟು ಕಷ್ಟವಾಗಲಿಲ್ಲ. ಬಸ್ಸಿಗೆ ಕಲಿಸುವುದೇ ಕಷ್ಟವಾಯಿತು. ಟವೆಲ್ಲು ಕಿಟಕಿಯಿಂದ ಪಕ್ಕದ ಸೀಟಿಗೆ, ಅಲ್ಲಿಂದ ಹಿಂದಿನ ಸಾಲಿಗೆ ಸರಿಯಿತು. ಹೊಸ ಜಾಗದಲ್ಲಿ ಕೂತ ತಕ್ಷಣ ಪಲ್ಲವಿಗೆ ಖುಷಿಯಾಗುವಂಥದ್ದೊಂದು ಸಿಗಬೇಕು ಎಂದಿದ್ದರು ಶುಭಾ ಮೇಡಂ. ಅವಳಿಗೆ ರಫೀಕನ ಟಿಕೆಟ್ ಯಂತ್ರ ಕರ್ ಕರ್ ಎಂದು ಚೀಟಿ ಬಿಡುವುದು ಬಹಳ ಇಷ್ಟ. ಸರಿ, ಕೂತ ಕೂಡಲೇ ರಫೀಕ್ ಬಂದು ಅವಳಿಂದಲೇ ಗುಂಡಿ ಒತ್ತಿಸುವುದೆಂದು ಆಯಿತು. ಆದರೆ ಆತ ಹೆಣ್ಣುಮಕ್ಕಳ ತಂದೆ, ಕರುಳು ಮೆತ್ತಗೆ. ಅವಳು ಮೂಗೆಳೆದರೆ ಸಾಕು, ಅಳಬೇಡ ಬೇಟಿ ಎಂದು ಯಂತ್ರವನ್ನು ಮುಂದೆ ಹಿಡಿಯುತ್ತಿದ್ದ. ಅಳುವಿಗೆ ಯಂತ್ರ ಸಿಗುತ್ತದೆಂದು ಅವಳಿಗೆ ತಿಳಿಯಲು ಎಷ್ಟು ಹೊತ್ತು? ಒಂದೇ ವಾರದಲ್ಲಿ ಮಾಚೇನಹಳ್ಳಿಗೊಂದು, ಮಲವಗೊಪ್ಪಕ್ಕೊಂದು ಅಳು ಶುರುವಾಯಿತು.

ಇದನ್ನು ಸರಿಮಾಡಿದವರು ಗಿರಿಜಮ್ಮ. ನನ್ನ ಬಾಯಿ ಕೇಳಿಸಿಕೊಂಡ ಮೇಲೆ ಅವರು ಕೆಲವು ದಿನ ನನ್ನ ಕಡೆ ನೋಡಿರಲಿಲ್ಲ. ನಾನೇ ಹೋಗಿ ಪಕ್ಕದಲ್ಲಿ ಕೂತು ಉಪಾಯವನ್ನೆಲ್ಲ ವಿವರಿಸಿದೆ. ಅವರು ಕೇಳಿ, ಹೊಡೆಯದೇ ಮಕ್ಕಳು ಕಲಿತಾವಾ ನೋಡೇಬಿಡ್ತೀನಿ ಎಂದರು. ನೋಡಲು ಶುರು ಮಾಡಿದವರು ಸುಮ್ಮನಿರುವ ಪೈಕಿಯಲ್ಲ. ರಫೀಕ್ ಯಂತ್ರ ಹಿಡಿದು ಕರಗಿದಾಗಲೆಲ್ಲ ಹಿಂದಿನಿಂದ, "ಈಗ ಬೇಡ ಮಾರಾಯ. ಕೂತ್ಕೊಳ್ಳಲಿ, ಕೂತ ತಕ್ಷಣ ಕೊಡು" ಎಂದು ಕೇಳಿಬರುತ್ತಿತ್ತು. ಪೆರುಮಾಳಣ್ಣ ಹಳೆಯ ಅಭ್ಯಾಸದಿಂದ ಟವೆಲ್ಲನ್ನು ಡ್ರೈವರ್ ಹಿಂದೆ ಎಸೆದರೆ ಅವರಿಗೂ ಪಾಠ. ಏಪ್ರಿಲ್ ಹೊತ್ತಿಗೆ ಗಿರಿಜಮ್ಮನ ಎದುರು ಬಸ್ಸು ನನ್ನ ಎಂಟನೇ ತರಗತಿಗಿಂತ ಶಿಸ್ತಾಗಿತ್ತು.

ಆ ಬೇಸಿಗೆಯ ಭದ್ರಾವತಿಯ ಬಿಸಿಲು ನೆನೆದರೆ ಈಗಲೂ ನೆತ್ತಿ ಸುಡುತ್ತದೆ. ಬಸ್ಸಿನ ಕಂಬಿ ಮುಟ್ಟಿದರೆ ಚುರ್ ಎನ್ನುತ್ತಿತ್ತು. ಶಾಲೆಗೆ ರಜೆ ಬಂದರೂ ನಾವು ತಪ್ಪಿಸಲಿಲ್ಲ. ಟವೆಲ್ ಹಿಂದಿನ ಸಾಲುಗಳನ್ನೆಲ್ಲ ಸುತ್ತಿ ಬಂತು. ಒಂದು ದಿನ ಶುಭಾ ಮೇಡಂ ಇನ್ನು ಕತ್ತರಿಸಬಹುದು ಎಂದರು. ನನಗೆ ಕೇಳಲು ನಾಚಿಕೆಯಾಯಿತು. ಪೆರುಮಾಳಣ್ಣನೇ ತಮ್ಮನ ಅಂಗಡಿಯ ದೊಡ್ಡ ಕತ್ತರಿ ತಂದು ಟವೆಲ್ಲನ್ನು ಮೊಣಕಾಲ ಮೇಲೆ ಹರಡಿ ಸರ್ರೆಂದು ಎರಡು ಭಾಗ ಮಾಡಿದರು. ಕೆಲವು ವಾರದ ಮೇಲೆ ಆ ಅರ್ಧದಲ್ಲಿ ಮತ್ತೆ ಅರ್ಧ. ದರ್ಜಿಯಲ್ಲಿ ಅಂಚು ಹೊಲಿಸಿದೆ. ಒಂದು ಕಡೆ ಮಾತ್ರ ಕೆಂಪಂಚು ಉಳಿದ ಒರಟು ಕರ್ಚೀಫು ಅದು. ಪಲ್ಲವಿ ಅದನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಯಾವ ಸೀಟಿನಲ್ಲಾದರೂ ಕೂತಳು. ಮೇ ತಿಂಗಳಲ್ಲಿ ನಿಲ್ಲುವುದನ್ನು ಶುರು ಮಾಡಿದೆವು. ಮೊದಲು ಇಳಿಯುವ ಸ್ವಲ್ಪ ಮುಂಚೆ, ಆಮೇಲೆ ಸೇತುವೆಯಿಂದ, ಆಮೇಲೆ ವಿದ್ಯಾನಗರದಿಂದ. ಒಮ್ಮೆ ಆಲಿಕಲ್ಲು ಮಳೆ ಬಸ್ಸಿನ ತಗಡಿನ ಮೇಲೆ ಬಡಿದು ಎಲ್ಲ ಕೆಟ್ಟಿತು. ಅವಳು ಸೀಟಿನಡಿ ಸೇರಿದಳು, ನಾನೂ ಅವಳ ಜೊತೆ ನೆಲದ ಮೇಲೆ ಕೂತೆ. ಮಾರನೆಯ ಸಲ ಎರಡು ಹೆಜ್ಜೆ ಹಿಂದಿನಿಂದ ಶುರು ಮಾಡಿದೆವು. ಕರ್ಚೀಫಿನ ವಾಸನೆ ಅಷ್ಟರಲ್ಲಿ ಪೂರ್ತಿ ಹೋಗಿತ್ತು, ಅವಳು ಅದನ್ನು ಕೇಳಲೇ ಇಲ್ಲ.

ಜೂನ್ ಬಂತು. ಮಳೆಯೂ ಬಂತು. ಇನ್ನು ಮುಂದೆ ಬೆಳಿಗ್ಗೆ ನಮ್ಮವರು ಬಸ್ಸಿನಲ್ಲಿ ಕರೆದುಕೊಂಡು ಹೋಗುವುದು, ಸಂಜೆ ನಾನು ಕರೆತರುವುದು ಎಂದು ಮಾತಾಗಿತ್ತು. ಆದರೆ ಮೊದಲ ದಿನ ನಾನು ರಜೆ ಹಾಕಿದೆ. ತರೀಕೆರೆ ಕಡೆಯ ಬಸ್ಸು ಬಾಗಿಲಲ್ಲಿ ಜನ ಜೋತಾಡುತ್ತಾ ಬಂದು ನಿಂತಿತು. ಹೇಗೋ ಹತ್ತಿದೆವು. ಮಳೆಗೆ ಕಿಟಕಿಗಳನ್ನೆಲ್ಲ ಎಳೆದಿದ್ದರು. ಒದ್ದೆ ಛತ್ರಿ, ಒದ್ದೆ ಬಟ್ಟೆ, ಉಸಿರಾಡಲು ಗಾಳಿಯಿಲ್ಲ. ಸೀಟಿಗೆ ಒರಗಿ ಅವಳನ್ನು ನನ್ನ ಮುಂದೆ ನಿಲ್ಲಿಸಿಕೊಂಡೆ. ಊರು ದಾಟುವ ಮೊದಲೇ ರೈಲ್ವೆ ಗೇಟು ಬಿತ್ತು. ಡ್ರೈವರ್ ಇಂಜಿನ್ ಆರಿಸಿದ. ಅವಳಿಗೆ ಆಸರೆಯಾಗಿದ್ದ ಗುಡುಗುಡು ಒಮ್ಮೆಗೇ ನಿಂತುಹೋಯಿತು.

ಇದನ್ನು ನಾವು ಯಾರೂ ಯೋಚಿಸಿರಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಅಷ್ಟು ತಿಂಗಳಲ್ಲಿ ಗೇಟು ಸಿಕ್ಕಿದ್ದೇ ಅಪರೂಪ, ಸಿಕ್ಕಾಗಲೂ ಡ್ರೈವರ್ ಇಂಜಿನ್ ಆರಿಸಿರಲಿಲ್ಲ. ಪಲ್ಲವಿಯ ಗಂಟಲಿನಲ್ಲಿ ಆ ಸಣ್ಣ ಮುಲುಗು ಶುರುವಾಯಿತು. ಅದರ ಹಿಂದೆ ಏನು ಬರುತ್ತದೆಂದು ನನಗೆ ಗೊತ್ತು. ಹತ್ತಿರದವರು ತಿರುಗಿ ನೋಡಿದರು. ಯಾರದೋ ಬ್ಯಾಗಿನ ಪಟ್ಟಿ ಅವಳ ಕತ್ತಿಗೆ ತಾಗುತ್ತಿತ್ತು. ಇಳಿದುಬಿಡೋಣ, ಮನೆಗೆ ನಡೆದೇ ಹೋಗೋಣ, ಶಾಲೆಯೂ ಬೇಡ ಏನೂ ಬೇಡ ಎಂದುಕೊಂಡು ಬಾಗಿಲಿನ ಕಡೆ ನೋಡಿದೆ.

ಆಗ ನನ್ನ ಮಣಿಕಟ್ಟಿನ ಮೇಲೆ ಎರಡು ಸಲ ತಟ್ಟಿದ್ದು ಗೊತ್ತಾಯಿತು.

ನಾನು ಎರಡೂ ಕೈಯಿಂದ ಅವಳ ಹೆಗಲನ್ನು ಒತ್ತಿ ಹಿಡಿದೆ. ಅವಳು ಜೇಬಿನಿಂದ ಕರ್ಚೀಫು ತೆಗೆದು ಮುಷ್ಟಿಯಲ್ಲಿ ಉಂಡೆ ಮಾಡಿದಳು. ಮುಲುಗು ಏರಲಿಲ್ಲ. ಮತ್ತೆ ತಟ್ಟಿದಳು, ಮತ್ತೆ ಒತ್ತಿದೆ. ರೈಲು ಹೋಯಿತು, ಗೇಟು ಎದ್ದಿತು, ಇಂಜಿನ್ ಗುಡುಗುಟ್ಟಿತು. ವಿದ್ಯಾನಗರದವರೆಗೆ ನಿಂತೇ ಬಂದಳು. ಶಾಲೆಯ ಗೇಟಿನಲ್ಲಿ ಮುಖ್ಯ ಶಿಕ್ಷಕಿ ಬಂದ್ಯಾ ಪಲ್ಲವಿ ಎಂದು ಕೈ ಚಾಚಿದರು. ಅವಳು ಕೈ ಹಿಡಿಯಲಿಲ್ಲ, ಅವರ ಪಕ್ಕದಲ್ಲಿ ನಡೆದು ಒಳಗೆ ಹೋದಳು. ನಾನು ರಸ್ತೆಗೆ ಬಂದು ಛತ್ರಿಯ ಕೆಳಗೆ ನಿಂತು ಜೋರಾಗಿ ಅತ್ತೆ. ಅಷ್ಟು ಸಂತೋಷವನ್ನು ಸುಮ್ಮನೆ ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ.

ಶಾಲೆ ಶುರುವಾದ ಮೇಲೆ ಶುಭಾ ಮೇಡಂ ತರಗತಿ ಶನಿವಾರ ಮಧ್ಯಾಹ್ನಕ್ಕೆ ಮಾತ್ರ ಉಳಿಯಿತು. ಶನಿವಾರ ಬೆಳಗಿನ ಶಾಲೆ ಮುಗಿಸಿ ಮನೆಗೆ ಬಂದು, ಊಟ ಮಾಡಿ, ಮತ್ತೆ ನಮ್ಮ ಹಳೆಯ ಬಸ್ಸು ಹಿಡಿಯುವುದು. ಮೊದಲ ಶನಿವಾರ ಬಸ್‌ಸ್ಟ್ಯಾಂಡಿನಲ್ಲಿ ಸಂತೆಯಂತೆ ಜನ. ಮಳೆ ಬಿಟ್ಟುಬಿಟ್ಟು ಹೊಡೆಯುತ್ತಿತ್ತು. ಪೆರುಮಾಳಣ್ಣ ಎಲ್ಲೂ ಕಾಣಲಿಲ್ಲ. ಒಂದು ವಾರದಿಂದ ಮಂಡಿ ಹಿಡಿದುಕೊಂಡಿದೆ, ನಿಧಾನಕ್ಕೆ ಬರ್ತಾರೆ ಎಂದು ಗಿರಿಜಮ್ಮ ಹೇಳಿದರು.

ಬಸ್ಸು ಬಂದು ನಿಂತಿತು. ನಾನು ಛತ್ರಿ ಮಡಚುವಷ್ಟರಲ್ಲಿ ಪಲ್ಲವಿ ನನ್ನ ಕೈ ಬಿಡಿಸಿಕೊಂಡು, ಇಳಿಯುವವರ ನಡುವೆ ನುಸುಳಿ ಹತ್ತಿಬಿಟ್ಟಳು. ನಾನು ಕೂಗುತ್ತಾ ಹಿಂದೆ ಹತ್ತಿದೆ. ನೋಡುತ್ತೇನೆ, ಡ್ರೈವರ್ ಹಿಂದಿನ ಕಿಟಕಿ ಸೀಟಿನ ಮುಂದೆ ನಿಂತಿದ್ದಾಳೆ. ಕೆಂಪಂಚಿನ ಕರ್ಚೀಫು ಆ ಸೀಟಿನ ಮೇಲೆ ನೀಟಾಗಿ ಹಾಸಿದೆ. ಅಷ್ಟು ತಿಂಗಳ ಕೆಲಸವೆಲ್ಲ ನೀರಿನಲ್ಲಿ ಹೋಮವಾಯಿತು, ಮತ್ತೆ ಅದೇ ಸೀಟಿಗೆ ಬಂದಳು ಎಂದುಕೊಂಡೆ. ಗಿರಿಜಮ್ಮನ ಮುಖವೂ ಸಪ್ಪಗಾಯಿತು.

ಆದರೆ ಅವಳು ಕೂರಲಿಲ್ಲ. ದೊಡ್ಡ ಚೀಲ ಹಿಡಿದ ಒಬ್ಬರು ಅಲ್ಲಿ ಕೂರಲು ಬಂದಾಗ ಅಂಗೈಯನ್ನು ಸೀಟಿನ ಮೇಲೆ ಊರಿ, ಅವರ ಮುಖ ನೋಡದೆ, "ತಾತ" ಎಂದಳು. ಅವರು ಯಾವ ತಾತ ಎಂದರು. "ತಾತಂದು" ಎಂದಳು. ಕಿರುಚಲಿಲ್ಲ. ಕರ್ಚೀಫು ನೋಡಿದ ಅವರು ಬಸ್‌ಸ್ಟ್ಯಾಂಡಿನ ಕಾನೂನು ಬಲ್ಲವರು, ಹಿಂದಕ್ಕೆ ಹೋದರು. ಬಾಗಿಲಲ್ಲಿ ನಿಂತ ರಫೀಕ್ ಹೊರಡುವ ಹೊತ್ತಾದರೂ ಸೀಟಿ ಊದದೆ ರಸ್ತೆಯ ಕಡೆ ನೋಡುತ್ತಿದ್ದ.

ಪೆರುಮಾಳಣ್ಣ ಕುಂಟುತ್ತಾ, ನೆನೆಯುತ್ತಾ ಬಂದರು. ರಫೀಕ್ ಕೈ ಕೊಟ್ಟು ಹತ್ತಿಸಿಕೊಂಡು, ನಿಮಗೆ ಸೀಟ್ ಹಿಡಿದಿದೆ ನೋಡಿ ಅಣ್ಣಾ ಎಂದ. ಅವರಿಗೆ ಅರ್ಥವಾಗಲಿಲ್ಲ. ಅವರು ಕಂಡದ್ದೇ ತಡ, ಪಲ್ಲವಿ ಸೀಟಿನ ಮೇಲಿದ್ದ ಕೈ ತೆಗೆದಳು, ಹಿಂದಕ್ಕೆ ಹೋಗಿ ಗಿರಿಜಮ್ಮನ ಪಕ್ಕದಲ್ಲಿ ಕೂತಳು. ಅವರು ತಮ್ಮದೇ ಟವೆಲ್ಲಿನ ಆ ತುಂಡನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು.

"ಎಷ್ಟೋ ಜನಕ್ಕೆ ಸೀಟ್ ಹಿಡಿದಿದೀನಿ ಟೀಚರಮ್ಮ" ಎಂದರು. "ನನಗೆ ಅಂತ ಯಾರೋ ಹಿಡಿದಿದ್ದು ಇವತ್ತೇ."

ಆಮೇಲೆ ಕೂತರು. ಕರ್ಚೀಫಿನಿಂದ ಮುಖದ ಮಳೆನೀರು ಒರೆಸಿಕೊಂಡರು. ಸೊಂಟದ ಡಬ್ಬಿ ತೆಗೆದು ಒಂದು ಚಿಟಿಕೆ ಏರಿಸಿ, ನಶ್ಯದ ಬೆರಳುಗಳನ್ನು ಬೇಕೆಂದೇ ಆ ಬಟ್ಟೆಗೆ ಚೆನ್ನಾಗಿ ಒರೆಸಿ, ಮಡಚಿ ಹಿಂದಿನವರ ಕೈಗೆ ಕೊಟ್ಟರು. ನಿಂತಿದ್ದ ಜನರ ನಡುವೆ ಅದು ಟಿಕೆಟ್ ಚಿಲ್ಲರೆಯ ಹಾಗೆ ಕೈಯಿಂದ ಕೈಗೆ ದಾಟುತ್ತಾ ಹಿಂದಿನ ಸಾಲಿಗೆ ಬಂತು. ನಡುವೆ ಇಬ್ಬರು ಸೀನಿದರು. ಪಲ್ಲವಿ ಕರ್ಚೀಫನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದುಕೊಂಡು, ಜೇಬಿಗೆ ಹಾಕಿಕೊಂಡಳು. ರಫೀಕ್ ಸೀಟಿ ಊದಿದ.